ಮೂಳೆ ಕಟ್ಟುವವರ ಮನೆಯ ಡಾಕ್ಟರು

ಕುಮಟಾ–ಶಿರಸಿ ರಸ್ತೆ ಬಿಟ್ಟು ಕಾಡಿನ ಒಳಗೆ ಹೊಕ್ಕರೆ ಯಾಣ. ಮಳೆಗಾಲ ಮುಗಿಯಿತು ಅಂದರೆ ನಮ್ಮ ಕಾಲೇಜಿನ ಒಂದಲ್ಲ ಒಂದು ಗ್ಯಾಂಗ್ ಅಲ್ಲಿಗೆ ಹೊರಟೇ ಹೊರಡುತ್ತದೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರ್‌ನ ಮೋಹಿನಿ ಶಿಖರ, ಭಸ್ಮಾಸುರನ ಕಥೆ, ಇದೆಲ್ಲ ಎಲ್ಲರಿಗೂ ಗೊತ್ತು. ಫೋಟೊ ಅಂತೂ ಎಲ್ಲರ ಫೋನಿನಲ್ಲೂ ಇದೆ. ಆದರೆ ಪಾಚಿ ಕಟ್ಟಿದ ಕಲ್ಲಿನ ಮೇಲೆ ಯಾರಾದರೂ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರೆ ಮುಂದೇನು ಅಂತ ನಾವು ಯಾರೂ ಯೋಚಿಸಿ ಹೊರಡುವುದಿಲ್ಲ.

ಆ ಕಡೆಯ ತೋಟದ ಜನಕ್ಕೆ ಇದು ಹೊಸ ಪ್ರಶ್ನೆ ಅಲ್ಲ. ಕೊನೆ ಕೊಯ್ಯಲು ಅಡಿಕೆ ಮರ ಹತ್ತಿದ ಕೊನೆಗೌಡ ಬಿದ್ದರೆ, ತಲೆಮಾರುಗಳಿಂದ ಮೊದಲು ನೆನಪಾಗುತ್ತಿದ್ದದ್ದು ಮುರಿದ ಮೂಳೆಗೆ ಕಟ್ಟು ಹಾಕುವ ಹಳ್ಳಿಯ ವೈದ್ಯರು. ಬಿದಿರಿನ ದಬ್ಬೆ, ಬಟ್ಟೆ, ಸೊಪ್ಪಿನ ಲೇಪ. ಬೆಂಗಳೂರಿನಲ್ಲಿ ಬೆಳೆದವರಿಗೆ ಪುತ್ತೂರು ಕಟ್ಟಿನ ಬೋರ್ಡುಗಳು ಗೊತ್ತಿರುತ್ತವೆ, ಆಂಧ್ರದ ಪುತ್ತೂರಿನದು. ಹಾಸ್ಟೆಲಿನಲ್ಲಿ ಈ ಮಾತು ಬಂದರೆ ಅರ್ಧ ಜನ ನಗುತ್ತಾರೆ, ಇನ್ನರ್ಧ ಜನ ನಮ್ಮ ಅಜ್ಜನ ಕೈ ಸರಿಹೋಗಿದ್ದೇ ಅಲ್ಲಿ ಅಂತ ವಾದಕ್ಕೆ ನಿಲ್ಲುತ್ತಾರೆ. ನಾವು ಈ ಸಲ ಬರೆಯುತ್ತಿರುವ ಮನುಷ್ಯ ಈ ಎರಡೂ ಗುಂಪಿಗೆ ಸೇರಿದವರು. ಅವರ ಅಪ್ಪ ಕಟ್ಟು ಹಾಕುವವರು, ಇವರು ಓದಿದ ಡಾಕ್ಟರು. ಹೆಸರು ಹ್ಯೂ ಓವೆನ್ ಥಾಮಸ್. ಬ್ರಿಟನ್ನಿನಲ್ಲಿ ಮೂಳೆ ಚಿಕಿತ್ಸೆಯ ಪಿತಾಮಹ ಅಂತ ಕರೆಸಿಕೊಂಡವರು. ತೊಡೆ ಮುರಿದವರ ಕಾಲಿಗೆ ಹಾಕುವ ಉದ್ದನೆಯ ಕಬ್ಬಿಣದ ಚೌಕಟ್ಟಿಗೆ ಇವತ್ತಿಗೂ ಥಾಮಸ್ ಸ್ಪ್ಲಿಂಟ್ ಅಂತಲೇ ಹೆಸರು.

ಥಾಮಸ್ ಮನೆತನ ವೇಲ್ಸ್‌ನ ಆಂಗ್ಲ್‌ಸಿ ದ್ವೀಪದ್ದು. 18ನೇ ಶತಮಾನದಲ್ಲಿ ಅಲ್ಲಿನ ಕರಾವಳಿಯಲ್ಲಿ ಹಡಗೊಂದು ಒಡೆದು, ಯಾವ ದೇಶದವನು ಅಂತ ತಿಳಿಯದ ಒಬ್ಬ ಹುಡುಗ ದಡ ಸೇರಿದ, ಅವನ ಕೈಯಲ್ಲಿ ಮೂಳೆ ಕೂಡಿಸುವ ಚಮತ್ಕಾರ ಇತ್ತು, ಅವನಿಂದಲೇ ಈ ವಂಶ ಬಂತು ಅಂತ ಕಥೆ. ನಮ್ಮಲ್ಲೂ ಇಂಥ ಪ್ರತಿ ಮನೆತನಕ್ಕೂ ಒಂದು ಮೂಲ ಕಥೆ ಇದ್ದೇ ಇರುತ್ತದೆ, ಸಾಧಾರಣವಾಗಿ ಅದರಲ್ಲಿ ಒಬ್ಬ ಸಾಧು ಬರುತ್ತಾನೆ. ಇಲ್ಲಿ ಸಾಧುವಿನ ಬದಲು ಸಮುದ್ರ.

ಅಪ್ಪ ಇವಾನ್ ಥಾಮಸ್ ಲಿವರ್‌ಪೂಲಿಗೆ ಬಂದು ನೆಲೆಸಿದರು. ದೊಡ್ಡ ಬಂದರು ಊರು. ಹಡಗಿನಿಂದ ಸರಕು ಇಳಿಸುವವರು, ನಾವಿಕರು, ಬಾಯ್ಲರ್ ಮಾಡುವವರು ದಿನವೂ ಕೈಕಾಲು ಮುರಿದುಕೊಳ್ಳುತ್ತಿದ್ದರು. ಡಿಗ್ರಿ ಇಲ್ಲದ ಇವಾನ್ ಅವರ ಮನೆ ಮುಂದೆ ಸಾಲು ನಿಲ್ಲುತ್ತಿತ್ತು. ಊರಿನ ಡಾಕ್ಟರುಗಳಿಗೆ ಅದು ಸಹಿಸಲಿಲ್ಲ, ಕೋರ್ಟಿಗೂ ಎಳೆದರು. ಆಗ ಇವಾನ್ ಮಾಡಿದ ಕೆಲಸ ನಮಗೆ ತುಂಬ ಇಷ್ಟವಾಯಿತು. ಜಗಳ ಮಾಡುತ್ತಾ ಕೂರಲಿಲ್ಲ, ಐದೂ ಗಂಡುಮಕ್ಕಳನ್ನು ಮೆಡಿಕಲ್ ಓದಲು ಕಳಿಸಿದರು.

ಹಿರಿಯವರೇ ಹ್ಯೂ. ಹುಟ್ಟಿದ್ದು 1834ರ ಆಗಸ್ಟ್ 23ರಂದು. ಸಣ್ಣ ಮೈಕಟ್ಟಿನ, ಅಷ್ಟೇನೂ ಆರೋಗ್ಯ ಇಲ್ಲದ ಹುಡುಗ. ಚಿಕ್ಕಂದಿನಲ್ಲಿ ಒಂದು ಕಣ್ಣಿಗೆ ಪೆಟ್ಟಾಗಿ ರೆಪ್ಪೆ ಹೊರಕ್ಕೆ ತಿರುಚಿಕೊಂಡಿತು. ಅದನ್ನು ಮರೆಮಾಡಲು ಜೀವನವಿಡೀ ಟೋಪಿಯನ್ನು ಆ ಕಣ್ಣಿನ ಮೇಲೆ ವಾರೆಯಾಗಿ ಇಳಿಸಿಕೊಂಡೇ ಓಡಾಡಿದರು. ಡಾಕ್ಟರಾಗಿದ್ದ ಸೋದರಮಾವನ ಹತ್ತಿರ ನಾಲ್ಕು ವರ್ಷ ಕಲಿತು, ಎಡಿನ್‌ಬರೊ, ಲಂಡನ್‌ಗಳಲ್ಲಿ ಓದಿ, 1857ರಲ್ಲಿ ಸರ್ಜನ್ ಆಗಿ ತಂದೆಯ ಜೊತೆ ಕೆಲಸಕ್ಕೆ ಸೇರಿದರು. ಇಬ್ಬರಿಗೂ ಸರಿಬರಲಿಲ್ಲ. ಸ್ವಲ್ಪ ದಿನದಲ್ಲೇ ಬೇರೆಯಾದರು. ಆದರೆ ಅಪ್ಪನ ಕೈಯಿಂದ ಕಲಿತದ್ದನ್ನು ಬಿಡಲಿಲ್ಲ.

1866ರಿಂದ ಲಿವರ್‌ಪೂಲಿನ ನೆಲ್ಸನ್ ಸ್ಟ್ರೀಟ್‌ನ 11ನೇ ನಂಬರಿನ ಮನೆಯೇ ಅವರ ಕ್ಲಿನಿಕ್. ಹಿಂದೆಯೇ ವರ್ಕ್‌ಶಾಪ್. ನಮ್ಮ ಮೆಕ್ಯಾನಿಕಲ್‌ನವರು ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು. ಅಲ್ಲಿ ಒಬ್ಬ ಕಮ್ಮಾರ, ಒಬ್ಬ ಚರ್ಮದ ಕೆಲಸದವನು ಯಾವಾಗಲೂ ಇರುತ್ತಿದ್ದರು. ರೋಗಿ ಬಂದು ಮಲಗಿದರೆ ಅಳತೆ ತೆಗೆದು, ಕಬ್ಬಿಣ ಬಗ್ಗಿಸಿ, ಚರ್ಮ ಹೊದಿಸಿ, ಅವರವರ ಕಾಲಿಗೇ ಸ್ಪ್ಲಿಂಟ್ ತಯಾರು. ಸರಿಹೊಂದದಿದ್ದರೆ ಬಿಚ್ಚಿ ಮತ್ತೆ ಬಗ್ಗಿಸುವುದು. ಡಿಸೈನ್, ಪ್ರೊಟೋಟೈಪ್, ಟೆಸ್ಟಿಂಗ್ ಮೂರೂ ಒಂದೇ ಸೂರಿನಡಿ. ಬೆಳಗಿನ ಜಾವವೇ ಕೆಲಸ ಶುರು. ಭಾನುವಾರ ಬಡವರಿಗೆ ಪುಕ್ಕಟೆ. ಕುತ್ತಿಗೆವರೆಗೆ ಗುಂಡಿ ಹಾಕಿದ ಕಪ್ಪು ಕೋಟು, ವಾರೆ ಟೋಪಿ, ಬಾಯಲ್ಲಿ ಆರದ ಸಿಗರೇಟು. ಆ ಸಿಗರೇಟು ಮುರಿದ ಮೂಳೆ ಕೂಡುವುದನ್ನು ತಡಮಾಡುತ್ತದೆ ಅನ್ನುವುದು ಈಗ ಗೊತ್ತಿರುವ ವಿಷಯ. ಆಗ ಅವರಿಗೆ ಗೊತ್ತಿರಲಿಲ್ಲ, ನಮ್ಮ ಹಾಸ್ಟೆಲಿನ ಕೆಲವರಿಗೆ ಗೊತ್ತಿದ್ದೂ ಲೆಕ್ಕಕ್ಕಿಲ್ಲ.

ಅವರ ಇಡೀ ವೈದ್ಯಕೀಯ ಒಂದೇ ಮಾತಿನ ಮೇಲೆ ನಿಂತಿತ್ತು: ವಿಶ್ರಾಂತಿ. ಮುರಿದದ್ದನ್ನು ಅಲುಗಾಡದಂತೆ ಇಡಿ, ನಡುವೆ ಬಿಚ್ಚಬೇಡಿ, ಸಾಕಷ್ಟು ಕಾಲ ಇಡಿ. ಕೇಳಲು ಇಷ್ಟೇನಾ ಅನ್ನಿಸುತ್ತದೆ. ಆಗ ಅನೇಕ ಸರ್ಜನ್‌ಗಳು ಕೆಟ್ಟ ಕೀಲನ್ನು ಕೊಯ್ದು ತೆಗೆಯುವುದಕ್ಕೋ ಕಾಲನ್ನೇ ಕತ್ತರಿಸುವುದಕ್ಕೋ ಆತುರಪಡುತ್ತಿದ್ದ ಕಾಲ. ಒಂದು ವಿಷಯ ಮರೆಯಬಾರದು. ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ, ಅದಕ್ಕೂ ನಾಲ್ಕು ವರ್ಷ ಮೊದಲೇ ಥಾಮಸ್ ತೀರಿಕೊಂಡಿದ್ದರು. ಬದುಕಿರುವ ಮನುಷ್ಯನ ಚರ್ಮದ ಒಳಗೆ ಮುರಿದ ಮೂಳೆ ಹೇಗೆ ಕಾಣುತ್ತದೆ ಅಂತ ಅವರು ಒಮ್ಮೆಯೂ ನೋಡಲೇ ಇಲ್ಲ. ಎಲ್ಲವೂ ಬೆರಳ ತುದಿಯ ಲೆಕ್ಕ.

ಅವರು ಹೇಳಿದ ವಿಶ್ರಾಂತಿ ಯಾಕೆ ಕೆಲಸ ಮಾಡುತ್ತದೆ ಅಂತ ಈಗ ನಾವು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಭಾಷೆಯಲ್ಲೇ ಹೇಳಬಹುದು. ಮೂಳೆ ಮುರಿದ ಕೂಡಲೇ ಅಲ್ಲಿ ರಕ್ತ ಸೇರಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಮೊದಲ ಅಟ್ಟಣಿಗೆ. ಅದರೊಳಗೆ ಹೊಸ ರಕ್ತನಾಳ, ಮೆದು ಅಂಗಾಂಶ ಬೆಳೆಯುತ್ತವೆ. ಎರಡು ಮೂರು ವಾರದಲ್ಲಿ ಅದು ಮೃದ್ವಸ್ಥಿಯ ಗಂಟಾಗುತ್ತದೆ. ಅದಕ್ಕೆ ಕ್ಯಾಲಸ್ ಅನ್ನುತ್ತಾರೆ. ಆಮೇಲೆ ಅದರಲ್ಲಿ ಕ್ಯಾಲ್ಸಿಯಂ ತುಂಬಿ ಒರಟು ಮೂಳೆಯಾಗುತ್ತದೆ. ದೊಡ್ಡವರ ಮುಂಗೈ ಕೂಡಲು ಆರೆಂಟು ವಾರ, ತೊಡೆಯ ಮೂಳೆಗೆ ಹನ್ನೆರಡು ವಾರ ಅಥವಾ ಇನ್ನೂ ಹೆಚ್ಚು. ಕೊನೆಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ, ಎಲ್ಲಿ ಭಾರ ಬೀಳುತ್ತದೋ ಅಲ್ಲಿ ದಪ್ಪವಾಗಿ, ಬೇಡದ ಕಡೆ ಕರಗಿ, ಮೂಳೆ ತನ್ನನ್ನು ತಾನೇ ಕೆತ್ತಿಕೊಳ್ಳುತ್ತದೆ. ಚರ್ಮದ ಗಾಯಕ್ಕೆ ಕಲೆ ಉಳಿಯುತ್ತದೆ, ಮೂಳೆಗೆ ಮೂಳೆಯೇ ಬರುತ್ತದೆ. ವೆಲ್ಡಿಂಗ್ ಮಾಡಿದ ಜಾಗ ತಾನಾಗಿ ಮೂಲ ಲೋಹ ಆಗುವುದನ್ನು ನಾವಂತೂ ಯಾವ ಲ್ಯಾಬಿನಲ್ಲೂ ಕಂಡಿಲ್ಲ.

ಇಲ್ಲಿ ಒಂದು ಲೆಕ್ಕ ಇದೆ. ಹೊಸ ಮೂಳೆ ತಡೆದುಕೊಳ್ಳುವ ಸ್ಟ್ರೇನ್ ಸುಮಾರು 2 ಪರ್ಸೆಂಟ್, ಮೃದ್ವಸ್ಥಿ ಸುಮಾರು 10, ಮೊದಲ ಹಂತದ ಮೆದು ಅಂಗಾಂಶ 100ರವರೆಗೂ. 1 ಮಿಲಿಮೀಟರ್ ಬಿರುಕಿನಲ್ಲಿ ತುದಿಗಳು ಅರ್ಧ ಮಿಲಿಮೀಟರ್ ಅಲುಗಿದರೆ ಸ್ಟ್ರೇನ್ 50 ಪರ್ಸೆಂಟ್. ಅಲ್ಲಿ ಮೆದು ಅಂಗಾಂಶ ಬದುಕುತ್ತದೆ, ಮೂಳೆ ಹುಟ್ಟುವುದಿಲ್ಲ. ಹಾಗಂತ ಅಲುಗಾಟ ಪೂರ್ತಿ ಸೊನ್ನೆಯಾದರೆ ಕ್ಯಾಲಸ್ಸೂ ಸರಿಯಾಗಿ ಬೆಳೆಯುವುದಿಲ್ಲ, ಅದಕ್ಕೆ ಒಂಚೂರು ಕದಲಿಕೆ ಬೇಕು. ವಿಶ್ರಾಂತಿಯ ಈ ದೊಡ್ಡ ಪ್ರಚಾರಕರಿಗೆ ಅದರ ಸುಳಿವು ಸಿಕ್ಕಿತ್ತು ಅನ್ನಿಸುತ್ತದೆ. ತಿಂಗಳುಗಳಾದರೂ ಕೂಡದ ಮೂಳೆ ಬಂದರೆ ಅವರು ಮುರಿದ ಜಾಗಕ್ಕೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಿದ್ದರು! ಮೇಲೂ ಕೆಳಗೂ ಪಟ್ಟಿ ಬಿಗಿದು ಅಲ್ಲಿ ರಕ್ತ ತುಂಬಿ ಊದುವಂತೆಯೂ ಮಾಡುತ್ತಿದ್ದರು. ಮಲಗಿದ ಗಾಯವನ್ನು ಎಬ್ಬಿಸಿ ಮತ್ತೆ ಕೆಲಸಕ್ಕೆ ಹಚ್ಚುವ ಉಪಾಯ. ಆಮೇಲೆ ಮತ್ತೆ ಸ್ಪ್ಲಿಂಟ್, ಮತ್ತೆ ವಿಶ್ರಾಂತಿ.

ಇನ್ನು ಆ ಸ್ಪ್ಲಿಂಟ್. 1875ರಲ್ಲಿ ಸೊಂಟ, ಮಂಡಿ, ಹರಡಿನ ಕೀಲುಗಳ ಬಗ್ಗೆ ಅವರು ಒಂದು ಪುಸ್ತಕ ಬರೆದರು, ಇದರ ವಿವರ ಅದರಲ್ಲಿದೆ. ಮೊದಲು ಮಾಡಿದ್ದು ಮುರಿದ ತೊಡೆಗಲ್ಲ, ಮಂಡಿಗೆ ಕ್ಷಯ ತಗಲಿದ ಮಕ್ಕಳಿಗಾಗಿ. ತೊಡೆಯ ಬುಡಕ್ಕೆ ಚರ್ಮ ಸುತ್ತಿದ ಒಂದು ಕಬ್ಬಿಣದ ಬಳೆ, ಅದರಿಂದ ಕಾಲಿನ ಎರಡೂ ಬದಿಗೆ ಪಾದ ದಾಟುವ ಎರಡು ಸರಳು. ಪಾದವನ್ನು ಕೆಳತುದಿಗೆ ಎಳೆದು ಕಟ್ಟಿದರೆ ಮೇಲಿನ ಬಳೆ, ನಾವು ಕುಳಿತಾಗ ನೆಲಕ್ಕೆ ತಾಗುವ ಮೂಳೆಗೆ ಒತ್ತಿ ನಿಲ್ಲುತ್ತದೆ. ಫ್ರೀ ಬಾಡಿ ಡಯಾಗ್ರಾಮ್ ಬರೆದು ನೋಡಿ. ಕಾಲಿನ ಎಳೆತಕ್ಕೆ ಬಳೆಯ ಒತ್ತು ಸರಿಸಮ, ನಡುವೆ ಸರಳು ಕಂಪ್ರೆಷನ್‌ನಲ್ಲಿ. ಹೊರಗಿನ ಆಧಾರವೇ ಬೇಡ, ಗೋಡೆ ಬೇಡ, ಮಂಚ ಬೇಡ. ರೋಗಿಯನ್ನು ಹೊತ್ತುಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು.

ತೊಡೆ ಮುರಿದಾಗ ಈ ಎಳೆತ ಜೀವ ಉಳಿಸುತ್ತದೆ. ತೊಡೆಯ ಸ್ನಾಯುಗಳು ಬಲವಾದವು. ಮೂಳೆ ಮುರಿದರೆ ಅವು ಸೆಳೆದುಕೊಂಡು ಎರಡು ತುಂಡುಗಳನ್ನು ಒಂದರ ಮೇಲೊಂದು ಹತ್ತಿಸುತ್ತವೆ. ಉದ್ದ ಸಿಲಿಂಡರ್ ಇದ್ದ ತೊಡೆ ಗಿಡ್ಡವಾಗಿ ಉಂಡೆಯಾಗುತ್ತದೆ. ಅದೇ ಮೇಲ್ಮೈಯಲ್ಲಿ ಉಂಡೆಗೆ ಜಾಗ ಹೆಚ್ಚು ಅಂತ ಪಿಯುಸಿಯಲ್ಲೇ ಓದಿದ್ದೇವೆ. ಆ ಜಾಗಕ್ಕೆಲ್ಲ ರಕ್ತ ತುಂಬುತ್ತದೆ. ಮೈಯಲ್ಲಿ ಇರುವ ಸುಮಾರು 5 ಲೀಟರಿನಲ್ಲಿ ಒಂದು, ಒಂದೂವರೆ ಲೀಟರ್ ಹೊರಗೆ ಒಂದು ಹನಿಯೂ ಕಾಣದೆ ತೊಡೆಯೊಳಗೆ ಸೋರಿಹೋಗಬಹುದು. ಜೊತೆಗೆ ಪ್ರತಿ ಕುಲುಕಾಟಕ್ಕೂ ಮೂಳೆಯ ಚೂಪು ತುದಿ ಒಳಗೆ ಇರಿಯುತ್ತದೆ. ಎಳೆದು ನೇರ ಹಿಡಿದರೆ ಇವೆರಡೂ ಕಡಿಮೆಯಾಗುತ್ತವೆ.

ಹಾಗಾದರೆ ಯಾಣದಲ್ಲಿ ನಮ್ಮ ಹತ್ತಿರ ಸ್ಪ್ಲಿಂಟ್ ಇಲ್ಲವಲ್ಲ. ಎಳೆಯುವ ಕೆಲಸ ಕಲಿತವರದ್ದು, ಅದನ್ನು ನಾವು ಮಾಡಬಾರದು. ಅಲುಗದಂತೆ ಹಿಡಿಯುವುದು ಮಾತ್ರ ನಮ್ಮ ಕೈಲಿದೆ. ಬಿದ್ದವರನ್ನು ಎಬ್ಬಿಸಿ ನಿಲ್ಲಿಸಿ ನೋಡುವ ನಮ್ಮ ಚಟ ಬಿಡಬೇಕು. ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆ ಒತ್ತಿ ಹಿಡಿಯಬೇಕು. ಮುರಿದ ಕಾಲನ್ನು ಇದ್ದ ಹಾಗೇ ಉದ್ದದ ದಬ್ಬೆಗೋ ಚೆನ್ನಾಗಿರುವ ಇನ್ನೊಂದು ಕಾಲಿಗೋ ನಡುವೆ ಬಟ್ಟೆ ಇಟ್ಟು ಕಟ್ಟಬೇಕು, ಮುರಿದ ಜಾಗದ ಮೇಲೂ ಕೆಳಗೂ ಇರುವ ಎರಡು ಕೀಲುಗಳು ಆ ಕಟ್ಟಿನೊಳಗೆ ಬರಬೇಕು. 108ಕ್ಕೆ ಫೋನ್ ಮಾಡಬೇಕು, ಸಿಗ್ನಲ್ ಇಲ್ಲದಿದ್ದರೆ ಒಬ್ಬರು ಓಡಬೇಕು. ಬೆರಳುಗಳನ್ನು ಆಗಾಗ ನೋಡುತ್ತಿರಬೇಕು. ಬಿಳಿಚಿದರೆ, ತಣ್ಣಗಾದರೆ, ಜೋಮು ಹಿಡಿದರೆ, ನೋವು ಕಡಿಮೆಯಾಗುವ ಬದಲು ಏರುತ್ತಲೇ ಹೋದರೆ ಕಟ್ಟು ಬಿಗಿಯಾಗಿದೆ ಅಂತ ತಿಳಿದು ಕೂಡಲೇ ಸಡಿಲಿಸಬೇಕು. ರಕ್ತ ನಿಂತರೆ ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಮುರಿದ ಮೂಳೆ ಮೂರು ತಿಂಗಳಿಗೆ ಕೂಡಬಹುದು, ಸತ್ತ ಕೈ ಕೂಡುವುದಿಲ್ಲ. ಹಳ್ಳಿಯ ಕಟ್ಟಿನ ಬಗ್ಗೆ ನಮ್ಮ ತಕರಾರು ಇಷ್ಟೇ. ಕೈಗುಣ ಸುಳ್ಳಲ್ಲ, ಅಲುಗದಂತೆ ಇಡಬೇಕು ಅನ್ನುವುದು ಅವರಿಗೆ ಡಾಕ್ಟರುಗಳಿಗಿಂತ ಮೊದಲೇ ಗೊತ್ತಿತ್ತು. ಆದರೆ ಎಕ್ಸ್-ರೇ ಇಲ್ಲದೆ, ಬೆರಳು ನೋಡದೆ, ವಾರಗಟ್ಟಲೆ ಬಿಗಿದು ಕಳಿಸಿದರೆ ಕೈಯೇ ಹೋದೀತು. ಅಪ್ಪನ ಕೈಗುಣಕ್ಕೆ ಮಗ ಓದು ಸೇರಿಸಿದ್ದು ಅದಕ್ಕೇ.

ಉತ್ತರ ಕನ್ನಡದಲ್ಲಿ ಇದು ಇನ್ನೂ ಮುಖ್ಯ. ದೊಡ್ಡ ಅಪಘಾತವಾದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಂತ ಗಂಟೆಗಟ್ಟಲೆ ಆಂಬ್ಯುಲೆನ್ಸಿನಲ್ಲಿ ಓಡಬೇಕು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜನ ಎದ್ದು ಕೇಳಿದ್ದು ನೆನಪಿರಬಹುದು. ಅಷ್ಟು ದೂರದ ದಾರಿಯಲ್ಲಿ ಮೂಳೆ ಅಲುಗದೆ ಇರುವುದೇ ಅರ್ಧ ಚಿಕಿತ್ಸೆ.

ಥಾಮಸ್ ಅವರಿಗೆ ಯಾವ ದೊಡ್ಡ ಆಸ್ಪತ್ರೆಯ ಹುದ್ದೆಯೂ ಸಿಗಲಿಲ್ಲ. ಮಾತು ಒರಟು, ದೊಡ್ಡ ಸರ್ಜನ್‌ಗಳನ್ನು ಬರಹದಲ್ಲೇ ಝಾಡಿಸುತ್ತಿದ್ದರು. ಅವರನ್ನು ಉಳಿಸಿದ್ದು ಮನೆಯಲ್ಲೇ ಬೆಳೆದ ಒಬ್ಬ ಹುಡುಗ. ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿ ಎಲಿಜಬೆತ್ ಕಡೆಯ ಸಂಬಂಧಿಕ ಹುಡುಗ ರಾಬರ್ಟ್ ಜೋನ್ಸ್ 1873ರಲ್ಲಿ, ಹದಿನಾರನೇ ವಯಸ್ಸಿಗೆ ಇವರ ಮನೆಗೆ ಬಂದು ಮೆಡಿಕಲ್ ಓದಿದ. 1888ರಲ್ಲಿ ಮ್ಯಾಂಚೆಸ್ಟರ್ ಹಡಗು ಕಾಲುವೆಯ ಕೆಲಸಗಾರರ ಸರ್ಜನ್ ಆದ. ಸುಮಾರು 58 ಕಿಲೋಮೀಟರ್ ಉದ್ದದ ಕಾಲುವೆ, ಸಾವಿರಾರು ಜನ ಅಗೆಯುತ್ತಿದ್ದರು. ಜೋನ್ಸ್ ದಾರಿಯುದ್ದಕ್ಕೂ ಮೂರು ಆಸ್ಪತ್ರೆ, ನಡುನಡುವೆ ಪ್ರಥಮ ಚಿಕಿತ್ಸೆಯ ಠಾಣೆ ಇಟ್ಟು, ಬಿದ್ದ ಜಾಗದಲ್ಲೇ ಸ್ಪ್ಲಿಂಟ್ ಹಾಕುವ ಏರ್ಪಾಡು ಮಾಡಿದ. ಕಾಲುವೆ ಮುಗಿದದ್ದು 1894ರಲ್ಲಿ. ಅದನ್ನು ನೋಡಲು ಥಾಮಸ್ ಇರಲಿಲ್ಲ. 1891ರ ಜನವರಿ 6ರಂದು, ಚಳಿಗಾಲದ ನ್ಯುಮೋನಿಯಾದಿಂದ, 56ನೇ ವಯಸ್ಸಿಗೆ ತೀರಿಕೊಂಡರು. ಶವಯಾತ್ರೆಗೆ ಬಂದರಿನ ಕೂಲಿಗಳು, ಅವರ ಹೆಂಗಸರು ಮಕ್ಕಳು ರಸ್ತೆ ತುಂಬಿದ್ದರು.

1914ರಲ್ಲಿ ಮಹಾಯುದ್ಧ ಶುರುವಾದಾಗ, ಗುಂಡೇಟಿನಿಂದ ತೊಡೆ ಮುರಿದ ಸೈನಿಕರಲ್ಲಿ ನೂರಕ್ಕೆ ಸುಮಾರು 80 ಜನ ಸಾಯುತ್ತಿದ್ದರು. ಆಂಟಿಬಯಾಟಿಕ್ ಇರಲಿಲ್ಲ, ಸ್ಟ್ರೆಚರಿನ ಕುಲುಕಾಟದಲ್ಲೇ ರಕ್ತ ಹೋಗಿ ದಾರಿಯಲ್ಲೇ ಜೀವ ಹೋಗುತ್ತಿತ್ತು. ಸೇನೆಯ ಮೂಳೆ ಚಿಕಿತ್ಸೆಯ ಹೊಣೆ ಹೊತ್ತ ಜೋನ್ಸ್ ಮಾವನ ಸ್ಪ್ಲಿಂಟನ್ನು ರಣರಂಗದ ಮುಂಚೂಣಿಗೇ ಕಳಿಸಿದರು. ಬೂಟು, ಪ್ಯಾಂಟು ಬಿಚ್ಚದೆ ಮೇಲಿಂದಲೇ ಹಾಕುವುದು. ಬೇರೆ ಸುಧಾರಣೆಗಳೂ ಆಗಿದ್ದವು ನಿಜ, ಆದರೆ ಯುದ್ಧದ ಕೊನೆಯ ವರ್ಷಗಳ ಹೊತ್ತಿಗೆ ಆ 80 ಸುಮಾರು 20ಕ್ಕೆ ಇಳಿದಿತ್ತು ಅನ್ನುತ್ತವೆ ವರದಿಗಳು. ಸ್ಟ್ರೆಚರ್ ಹೊರುವವರಿಗೆ ಕಣ್ಣಿಗೆ ಬಟ್ಟೆ ಕಟ್ಟಿ ಇದನ್ನು ಹಾಕುವುದು ಕಲಿಸುತ್ತಿದ್ದರು, ಯಾಕೆಂದರೆ ಬಿದ್ದವರನ್ನು ತರಲು ಹೋಗುತ್ತಿದ್ದದ್ದು ಹೆಚ್ಚಾಗಿ ರಾತ್ರಿ ಹೊತ್ತು, ದೀಪ ಹಚ್ಚುವಂತಿರಲಿಲ್ಲ.