ಉಳವಿಯ ದಾರಿ ಹಿಡಿದ ಹುಡುಗ

ದಾಂಡೇಲಿಗೆ ರಾಫ್ಟಿಂಗ್ ಅಂತ ಹೋಗಿಬಂದವರು ನಮ್ಮ ಕ್ಯಾಂಪಸ್ಸಿನ ಪ್ರತಿ ಬ್ಯಾಚಿನಲ್ಲೂ ಸಿಗ್ತಾರೆ. ಶುಕ್ರವಾರ ರಾತ್ರಿ ಕೆ.ಆರ್. ಪುರದಲ್ಲಿ ಟಿ.ಟಿ. ಹತ್ತೋದು, ತೂಗುಸೇತುವೆ ದಾಟಿ ಟಿನ್ ಫ್ಯಾಕ್ಟರಿ ಜಾಮ್‌ನಿಂದ ಹೊರಗೆ ಬರೋ ಹೊತ್ತಿಗೆ ಅರ್ಧ ಚಿಪ್ಸ್ ಖಾಲಿ ಮಾಡೋದು, ಬೆಳಗ್ಗೆ ಗಣೇಶಗುಡಿಯಲ್ಲಿ ಕಣ್ಣು ಬಿಡೋದು. ಕಾಳಿ ನದಿ, ಸೂಪಾ ಅಣೆಕಟ್ಟು, ನಾಲ್ಕು ಫೋಟೊ, ವಾಪಸ್. ಅದೇ ಕಾಡಿನಲ್ಲಿ ಇನ್ನಷ್ಟು ಒಳಗೆ ಹೋದರೆ ಜೋಯಿಡಾ ತಾಲೂಕಿನ ಉಳವಿ ಅನ್ನೋ ಊರಿದೆ. ಅಲ್ಲಿ ಸಮಾಧಿಯಾಗಿರುವವನು ವಯಸ್ಸಿನಲ್ಲಿ ನಮಗಿಂತ ಹೆಚ್ಚೇನೂ ದೊಡ್ಡವನಲ್ಲ. ಪರಂಪರೆಯ ಲೆಕ್ಕದಲ್ಲಿ ಇಪ್ಪತ್ತೈದೂ ದಾಟಿರಲಿಲ್ಲ. ಹೆಸರು ಚೆನ್ನಬಸವಣ್ಣ. ಏಕವಚನ ಬಳಸ್ತಿದ್ದೇನೆ, ಅದು ಓರಗೆಯ ಸಲಿಗೆ ಅಂತ ತಿಳಿದುಕೊಳ್ಳಿ.

ದೇವರ ದರ್ಶನವಾಯಿತು ಅಂತ ಸೈನ್ಯದ ಮುಂದೆ ನಿಂತ ಹರೆಯದವರು ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಫ್ರಾನ್ಸಿನ ಜೋನ್ ಆಫ್ ಆರ್ಕ್. ಹದಿಮೂರರ ವಯಸ್ಸಿಗೆ ಧ್ವನಿಗಳು ಕೇಳಿದವು, 1429ರಲ್ಲಿ ಓರ್ಲಿಯನ್ಸ್ ಪಟ್ಟಣದ ಮುತ್ತಿಗೆ ಬಿಡಿಸಿದಳು, 1431ರಲ್ಲಿ ಹತ್ತೊಂಬತ್ತು ವರ್ಷಕ್ಕೆ ಅವಳನ್ನು ಸುಟ್ಟರು. ಅವಳ ವಿಚಾರಣೆಯ ಕಡತವೇ ಉಳಿದಿದೆ, ಏನು ಕೇಳಿದರು, ಅವಳೇನು ಹೇಳಿದಳು ಅಂತ ಇವತ್ತಿಗೂ ಓದಬಹುದು. ಅದಕ್ಕೆ ಎರಡೂವರೆ ಶತಮಾನ ಮೊದಲು ನಮ್ಮಲ್ಲಿ ನಡೆದ ಕಥೆಗೆ ಅಂಥ ಕಡತ ಇಲ್ಲ. ಇರೋದು ವಚನಗಳು, ಪುರಾಣಗಳು, ದಾರಿಯುದ್ದಕ್ಕೂ ಬಿದ್ದಿರುವ ಸಮಾಧಿಗಳು. ಇನ್ನೊಂದು ವ್ಯತ್ಯಾಸವೂ ಇದೆ. ಜೋನ್ ನಡೆದದ್ದು ಒಬ್ಬ ರಾಜನಿಗೆ ಪಟ್ಟ ಕಟ್ಟಿಸೋದಕ್ಕೆ. ಚೆನ್ನಬಸವಣ್ಣ ನಡೆದದ್ದು ಒಬ್ಬ ರಾಜನ ಸೈನ್ಯದಿಂದ ತನ್ನವರನ್ನು ಪಾರು ಮಾಡೋದಕ್ಕೆ.

ಅವನ ತಾಯಿ ಅಕ್ಕನಾಗಮ್ಮ, ಬಸವಣ್ಣನ ಅಕ್ಕ. ತಂದೆ ಶಿವಸ್ವಾಮಿ. ಅಂದರೆ ಬಸವಣ್ಣ ಸೋದರಮಾವ. ಹುಟ್ಟಿನ ಬಗ್ಗೆ ಶರಣರಲ್ಲಿ ಒಂದು ಕಥೆ ಉಳಿದಿದೆ: ಡೋಹರ ಕಕ್ಕಯ್ಯನ ಪ್ರಸಾದವನ್ನು ನಾಗಮ್ಮ ಸೇವಿಸಿದಳು, ಅದರ ಫಲ ಈ ಮಗು ಅಂತ. ಕಕ್ಕಯ್ಯ ಚರ್ಮ ಹದ ಮಾಡುವವನು. ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು ಅವನ ಮನೆಯ ಅನ್ನ ಉಂಡು ಬಸುರಾದಳು ಅನ್ನೋ ಕಥೆಯನ್ನು ಹನ್ನೆರಡನೇ ಶತಮಾನದವರು ಹೇಗೆ ಕೇಳಿಸಿಕೊಂಡಿರಬಹುದು, ಯೋಚಿಸಿ. ನಡೆದದ್ದು ಹೇಗೇ ಇರಲಿ, ಈ ಹುಡುಗ ಯಾರ ಪೈಕಿ ಅಂತ ಕಥೆ ಮೊದಲೇ ತೀರ್ಮಾನ ಮಾಡಿಬಿಟ್ಟಿದೆ.

ಬೆಳೆದದ್ದು ಕಲ್ಯಾಣದಲ್ಲಿ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಚಾಲುಕ್ಯರ ಕೈಕೆಳಗಿದ್ದ ಕಳಚುರಿ ಬಿಜ್ಜಳ ಅದೇ ಚಾಲುಕ್ಯರ ಸಿಂಹಾಸನ ಕಿತ್ತುಕೊಂಡಿದ್ದ ಕಾಲ. ಬಸವಣ್ಣ ಅವನ ಭಂಡಾರಿ. ರಾಜ್ಯದ ಖಜಾನೆ ಒಂದು ಕಡೆ, ಸಂಜೆ ಮನೆಯಲ್ಲಿ ಮಡಿವಾಳ, ಸಮಗಾರ, ಅಂಬಿಗ, ಹಗ್ಗ ಹೊಸೆಯುವವ, ಕಾಯಕ ಮಾಡುವ ಹೆಂಗಸರು ಎಲ್ಲರೂ ಸಮನಾಗಿ ಕೂತು ಮಾತಾಡುವ ಅನುಭವ ಮಂಟಪ ಇನ್ನೊಂದು ಕಡೆ. ಚೆನ್ನಬಸವಣ್ಣನ ಕಾಲೇಜು ಅದು. ಮೇಷ್ಟ್ರುಗಳ ಪಟ್ಟಿ ನೋಡಿದರೆ ಹೊಟ್ಟೆಕಿಚ್ಚಾಗತ್ತೆ: ಅಲ್ಲಮ, ಬಸವಣ್ಣ, ಮಡಿವಾಳ ಮಾಚಯ್ಯ, ಸಿದ್ಧರಾಮ.

ಅಲ್ಲಿ ಅವನ ಕೆಲಸ ವ್ಯವಸ್ಥೆ ಕಟ್ಟೋದು. ಬಸವಣ್ಣನ ವಚನದಲ್ಲಿ ಕಣ್ಣೀರಿದೆ, ಸಿಟ್ಟಿದೆ, ಅಲ್ಲಮನ ವಚನ ಒಗಟು. ಇವನು ಅವರ ಅನುಭವಗಳನ್ನೆಲ್ಲ ಜೋಡಿಸಿ ಒಂದು ಚೌಕಟ್ಟು ಕೊಟ್ಟ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಅನ್ನುವ ಆರು ಸ್ಥಲ, ಒಂದೊಂದರ ಒಳಗೆ ಮತ್ತೆ ಆರು. ಷಟ್‌ಸ್ಥಲ ಚಕ್ರವರ್ತಿ, ಅವಿರಳಜ್ಞಾನಿ ಅಂತ ಕರೆದದ್ದು ಅದಕ್ಕೇ. ಕರಣಹಸಿಗೆ ಅನ್ನೋ ಅವನ ಪುಟ್ಟ ಗದ್ಯ ಕೃತಿ ದೇಹ, ಇಂದ್ರಿಯ, ಮನಸ್ಸು ಏನೇನು ತತ್ತ್ವಗಳಿಂದ ಆಗಿದೆ ಅಂತ ಬಿಡಿಬಿಡಿಯಾಗಿ ಹರವಿಡತ್ತೆ. ಬ್ಲಾಕ್ ಡಯಾಗ್ರಾಮ್ ಬರೆಯೋ ಚಟ ಇರುವವರಿಗೆ ಈ ಮನುಷ್ಯ ತಕ್ಷಣ ಇಷ್ಟವಾಗ್ತಾನೆ. ಕೂಡಲಚೆನ್ನಸಂಗಮದೇವ ಅನ್ನೋ ಅಂಕಿತದಲ್ಲಿ ಅವನ ಸಾವಿರಕ್ಕೂ ಹೆಚ್ಚು ವಚನ ಸಿಕ್ಕಿವೆ, ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳಲ್ಲಿ ಮೂರನೆಯದು ಪೂರ್ತಿ ಅವನದೇ. ಹಾಗಂತ ಎಲ್ಲವೂ ಸೊಗಸಾಗಿವೆ ಅಂತ ನಾನು ಹೇಳೋದಿಲ್ಲ. ಎಷ್ಟೋ ಕಡೆ ಪಟ್ಟಿ ಜಾಸ್ತಿ, ಕವಿತೆ ಕಡಿಮೆ.

ಆದರೆ ಅವನು ಯಾಕೆ ಮುಂದಾಳು ಆದ ಅನ್ನೋದಕ್ಕೆ ಒಂದು ವಚನ ಸಾಕು. ಅಕ್ಕಮಹಾದೇವಿಯ ಹಿರಿಮೆಯ ವಿಷಯ. ಹಿರಿಯರು ಯಾರು ಅನ್ನೋ ಪ್ರಶ್ನೆ ಎತ್ತಿಕೊಂಡು ಅವನು ಕೇಳ್ತಾನೆ, ವರ್ಷಗಟ್ಟಲೆ ಬದುಕಿದರೆ ಹಿರಿಯರಾ, ಹುತ್ತ ಕಟ್ಟುವಷ್ಟು ತಪಸ್ಸು ಮಾಡಿದರೆ ಹಿರಿಯರಾ, ನಡು ಬಗ್ಗಿ ತಲೆ ನಡುಗಿದರೆ ಹಿರಿಯರಾ ಅಂತ. ಆಮೇಲೆ ಆ ಹಿರಿಮೆ ಮಹಾದೇವಿಯಕ್ಕನದು ಅಂತ ಹೇಳಿ ಮುಗಿಸ್ತಾನೆ. ಇದನ್ನು ಹೇಳಿದವನು ಆ ಸಭೆಯ ಅತಿ ಕಿರಿಯರಲ್ಲೊಬ್ಬ, ಹೇಳಿದ್ದು ಇನ್ನೊಬ್ಬ ಕಿರಿಯಳ ಪರವಾಗಿ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ ದೊಡ್ಡ ಹೆಸರು ಮಾಡಿದ್ದ ಸಿದ್ಧರಾಮ ಕೂಡ ಇಷ್ಟಲಿಂಗ ದೀಕ್ಷೆ ಪಡೆದದ್ದು ಈ ಹುಡುಗನ ಕೈಯಿಂದ ಅಂತ ಶೂನ್ಯಸಂಪಾದನೆ ಹೇಳತ್ತೆ. ಅಲ್ಲಮ ಕಲ್ಯಾಣ ಬಿಟ್ಟು ಹೊರಟಾಗ ಶೂನ್ಯಪೀಠ ಬಂದದ್ದೂ ಇವನಿಗೇ.

ಆಮೇಲೆ ಆ ಮದುವೆ. ಸಮಗಾರ ಹರಳಯ್ಯನ ಮಗ, ಬ್ರಾಹ್ಮಣನಾಗಿದ್ದು ಶರಣನಾದ ಮಧುವರಸನ ಮಗಳು. ಕಥೆ ನಿಮಗೆ ಗೊತ್ತಿರತ್ತೆ, ನಾಟಕಗಳಲ್ಲಿ ನೋಡಿರ್ತೀರಿ. ಹರಳಯ್ಯ, ಮಧುವರಸರ ಕಣ್ಣು ಕೀಳಿಸಿ ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಬಸವಣ್ಣ ಅಧಿಕಾರ ಬಿಟ್ಟು ಕೂಡಲಸಂಗಮಕ್ಕೆ ಹೊರಟ. ಅದರ ಬೆನ್ನಿಗೇ ಬಿಜ್ಜಳನ ಕೊಲೆ. ಬಸವಪುರಾಣದ ಪ್ರಕಾರ ಕೊಂದವನು ಜಗದೇವ, ಮತ್ತೆ ಅವನ ಜೊತೆಗಾರರು. ಇದು 1167-68ರ ಹೊತ್ತು. ಬಿಜ್ಜಳನ ಮಗ ಸೋವಿದೇವ ಪಟ್ಟಕ್ಕೆ ಬಂದ, ಶರಣರ ಬೇಟೆ ಶುರುವಾಯಿತು.

ಈಗ ಕಲ್ಯಾಣದಲ್ಲಿ ಉಳಿದವರ ಜಾಗದಲ್ಲಿ ನಿಂತು ನೋಡಿ. ದೊಡ್ಡ ಗುರು ಹೋಗಿದ್ದಾನೆ. ಅಲ್ಲಮ ಇಲ್ಲ, ಅಕ್ಕ ಇಲ್ಲ. ಯಾರೋ ರಾಜನನ್ನು ಕೊಂದಿದ್ದಾರೆ, ಅದರ ಬೆಲೆ ಎಲ್ಲರೂ ತೆರಬೇಕು. ದಯೆಯೇ ಧರ್ಮ ಅಂತ ನಂಬಿದ ಜನ. ನಿಂತರೆ ಸಾವು. ಓಡಿದರೆ ಹೆಂಗಸರು, ಮಕ್ಕಳು, ಮುದುಕರು ಎಲ್ಲರನ್ನೂ ಕರೆದುಕೊಂಡು ಓಡಬೇಕು. ಹೋರಾಡಿದರೆ ತಾವು ಹೇಳಿದ್ದನ್ನೇ ತಾವು ಮುರಿದ ಹಾಗೆ. ಈ ಲೆಕ್ಕ ಬಿಡಿಸಬೇಕಾಗಿ ಬಂದದ್ದು ಇಪ್ಪತ್ತು ಚಿಲ್ಲರೆ ವಯಸ್ಸಿನವನಿಗೆ. ಅವನು ಓಡೋದನ್ನೂ ಆರಿಸಿದ, ಹೋರಾಟವನ್ನೂ ಆರಿಸಿದ. ಇದನ್ನು ತಪ್ಪು ಅನ್ನುವವರಿದ್ದಾರೆ. ನನಗಂತೂ ಅವನ ಜಾಗದಲ್ಲಿ ಬೇರೆ ದಾರಿ ಕಾಣೋದಿಲ್ಲ. ತತ್ತ್ವ ಉಳಿಸಿಕೊಳ್ಳೋದಕ್ಕೆ ಒಬ್ಬನೇ ಸಾಯಬಹುದು, ಬೇರೆಯವರ ಮಕ್ಕಳನ್ನೂ ಜೊತೆಗೆ ಸಾಯಿಸೋ ಹಕ್ಕು ಯಾರಿಗಿದೆ?

ಶರಣರು ಗುಂಪು ಗುಂಪಾಗಿ ಚದುರಿದರು. ಬಸವಣ್ಣನ ಹೆಂಡತಿ ನೀಲಮ್ಮ ಸಂಗಮದ ಕಡೆ ಹೊರಟವಳು ಕೃಷ್ಣೆಯ ದಡದ ತಂಗಡಗಿಯಲ್ಲಿ ಐಕ್ಯಳಾದಳು. ಚೆನ್ನಬಸವಣ್ಣನ ದಂಡು ನೈರುತ್ಯಕ್ಕೆ ತಿರುಗಿತು. ಜೊತೆಗೆ ತಾಯಿ ಅಕ್ಕನಾಗಮ್ಮ, ಅತ್ತೆ ಗಂಗಾಂಬಿಕೆ, ಮುದುಕ ಕಕ್ಕಯ್ಯ, ಮಡಿವಾಳ ಮಾಚಯ್ಯ, ಕಿನ್ನರಿ ಬೊಮ್ಮಯ್ಯ. ಕಟ್ಟು ಕಟ್ಟು ತಾಡೋಲೆಗಳೂ ಇದ್ದವು ಅನ್ನೋದು ಪರಂಪರೆಯ ಗಟ್ಟಿ ನಂಬಿಕೆ. ಉಳವಿಗೆ ನಾನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಭೀಮೆ, ಕೃಷ್ಣೆ, ಮಲಪ್ರಭೆ ದಾಟಬೇಕು. ಹಿಂದೆ ಕುದುರೆ ದಂಡು.

ಇಂಥ ದಂಡನ್ನು ಮುನ್ನಡೆಸೋದು ಯುದ್ಧಕ್ಕಿಂತ ಕಷ್ಟ. ಗುಂಪಿನ ವೇಗ ಅಂದರೆ ಅತಿ ನಿಧಾನ ನಡೆಯುವವರ ವೇಗ. ಅಟ್ಟಿಸಿಕೊಂಡು ಬರುವ ಕುದುರೆ ಅದರ ಹಲವು ಪಟ್ಟು ಓಡತ್ತೆ. ಸೂತ್ರ ಹಾಕಿ ಬಿಡಿಸಿದರೆ ಸಿಕ್ಕಿಬೀಳೋದು ಖಚಿತ. ಆ ವ್ಯತ್ಯಾಸ ತುಂಬೋದಕ್ಕೆ ಇರೋದು ಒಂದೇ ಉಪಾಯ, ಹಿಂಬದಿಯಲ್ಲಿ ಒಂದು ಪಡೆ ನಿಂತು ಹೊತ್ತು ಕೊಂಡುಕೊಡಬೇಕು. ತಾನು ಉಳಿಯೋದು ಅನುಮಾನ ಅಂತ ಆ ಪಡೆಗೆ ಗೊತ್ತಿರತ್ತೆ. ಈ ಕೆಲಸಕ್ಕೆ ನಿಂತವರು ಹುಟ್ಟು ಸೈನಿಕರಲ್ಲ, ಬಟ್ಟೆ ಒಗೆಯುವವರು, ಚರ್ಮ ಹದ ಮಾಡುವವರು. ಹಿಪ್ಪರಗಿಯ ಮಾಚಯ್ಯನನ್ನು ಇವತ್ತಿಗೂ ವೀರಗಣಾಚಾರಿ ಅಂತ ಕರೆಯೋದು ಇಲ್ಲಿ ನಿಂತದ್ದಕ್ಕೆ.

ದೊಡ್ಡ ಕಾಳಗ ನಡೆದದ್ದು ಮಲಪ್ರಭೆಯ ದಡದ ಕಾದರವಳ್ಳಿಯಲ್ಲಿ, ಈಗಿನ ಕಿತ್ತೂರು ತಾಲೂಕಿನ ಊರು. ಹಿಮ್ಮೆಟ್ಟುವ ದಂಡಿಗೆ ಹೊಳೆಗಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ದಾಟುವಾಗ ಗುಂಪು ಎರಡಾಗತ್ತೆ, ದಾಟಿದವರು ಹಿಂದಿನವರ ನೆರವಿಗೆ ಬರಲಾರರು, ನೀರಿನಲ್ಲಿರುವವರು ಕೈ ಎತ್ತಲೂ ಆಗೋದಿಲ್ಲ. ಬೆನ್ನಟ್ಟುವವರು ಕಾಯೋದೇ ಆ ಗಳಿಗೆಗೆ. ಅಲ್ಲಿ ಶರಣರು ತಿರುಗಿ ನಿಂತರು. ಎಷ್ಟು ಜನ ಸತ್ತರು ಅಂತ ಬರೆದಿಟ್ಟವರಿಲ್ಲ, ಲೆಕ್ಕ ಇರೋದು ಸಮಾಧಿಗಳಲ್ಲಿ. ಅದೇ ಹೊಳೆಯ ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆ ಐಕ್ಯಳಾದಳು. ಧಾರವಾಡದಿಂದ ಬೆಳಗಾವಿಗೆ ಹೆದ್ದಾರಿಯಲ್ಲಿ ಹೋಗುವಾಗ ಮಲಪ್ರಭೆ ದಾಟ್ತೀರಲ್ಲ, ಅಲ್ಲೇ, ಹೊಳೆಯ ನಡುವೆ ಅವಳ ಐಕ್ಯಮಂಟಪ ಇದೆ. ಇನ್ನಷ್ಟು ಪಶ್ಚಿಮಕ್ಕೆ, ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಕಕ್ಕಯ್ಯ ಬಿದ್ದ. ಊರಿಗೆ ಅವನದೇ ಹೆಸರು. ಯಾರ ಪ್ರಸಾದದಿಂದ ತಾನು ಹುಟ್ಟಿದೆ ಅಂತ ಕೇಳಿ ಬೆಳೆದಿದ್ದನೋ ಅವನನ್ನು ದಾರಿಯಲ್ಲಿ ಮಣ್ಣು ಮಾಡಿ ಹುಡುಗ ಮುಂದೆ ನಡೆದ.

ಅಷ್ಟು ದೂರದ ಉಳವಿಯೇ ಯಾಕೆ? ನನಗೆ ಎರಡು ಕಾರಣ ಕಾಣತ್ತೆ. ಒಂದು ಭೂಮಿ: ದಟ್ಟ ಕಾಡು, ಕಡಿದಾದ ಕಣಿವೆ, ಸುಣ್ಣಕಲ್ಲಿನ ಗವಿಗಳು, ಕುದುರೆ ದಂಡಿಗೆ ಅಲ್ಲಿ ಏನೂ ಕೆಲಸವಿಲ್ಲ. ಇನ್ನೊಂದು ರಾಜಕೀಯ: ಆ ಸೀಮೆ ಗೋವೆಯ ಕದಂಬರದು, ಆಗ ಆಳುತ್ತಿದ್ದವನು ಶಿವಚಿತ್ತ ಪೆರ್ಮಾಡಿದೇವ. ಹೆಸರೇ ಹೇಳುವ ಹಾಗೆ ಶಿವಭಕ್ತ. ಕಳಚುರಿಗಳ ಕೈ ಅಲ್ಲಿಗೆ ಸಲೀಸಾಗಿ ಚಾಚೋದಿಲ್ಲ. ನಕ್ಷೆ ಓದಲು ಬರುವವನೇ ಆರಿಸಿದ ಜಾಗ ಅದು.

ಉಳವಿಯಲ್ಲಿ ಅವನು ಹೆಚ್ಚು ಕಾಲ ಬದುಕಲಿಲ್ಲ. ಅಲ್ಲೇ ಐಕ್ಯನಾದ. ಮಗನನ್ನು ಕಳೆದುಕೊಂಡ ಅಕ್ಕನಾಗಮ್ಮ ಮತ್ತೆ ನಡೆದು ತರೀಕೆರೆಯ ಕಡೆ ಹೋದಳು, ಎಣ್ಣೆಹೊಳೆಯ ದಡದಲ್ಲಿ ಅವಳ ಸಮಾಧಿ ತೋರಿಸ್ತಾರೆ. ಎದುರು ಪಕ್ಷದವರ ಕಥೆ ಬೇರೆ. ಜೈನ ಕಾವ್ಯ ಬಿಜ್ಜಳರಾಯ ಚರಿತೆಯಲ್ಲಿ ಉಳವಿಗೆ ಓಡಿ ಬಾವಿಗೆ ಹಾರಿದವನು ಬಸವಣ್ಣ, ಚೆನ್ನಬಸವಣ್ಣ ಬಿಜ್ಜಳನ ಮಗನ ಜೊತೆ ರಾಜಿ ಮಾಡಿಕೊಳ್ತಾನೆ. ನಾನು ಅದನ್ನು ನಂಬೋದಿಲ್ಲ, ಕಾದರವಳ್ಳಿಯ, ಕಕ್ಕೇರಿಯ ನೆಲ ಬೇರೆ ಮಾತಾಡತ್ತೆ. ಆದರೂ ಒಂದು ವಿಷಯ ಗಮನಿಸಿ: ವೈರಿಗಳು ಹೇಳಿದ ಕಥೆಯಲ್ಲೂ ಉಳವಿ ಇದೆ.

ಅವನ ಹೆಸರಲ್ಲಿ ಕಾಲಜ್ಞಾನದ ವಚನಗಳೂ ಓಡಾಡ್ತವೆ. ಕಲ್ಯಾಣ ಹಾಳಾಗತ್ತೆ, ಮುಂದೆ ವೀರವಸಂತರಾಯ ಅನ್ನುವವನು ಬರ್ತಾನೆ, ಶರಣರು ಮತ್ತೆ ಕಲ್ಯಾಣಕ್ಕೆ ತಿರುಗಿ ಬರ್ತಾರೆ ಅಂತ. 1584ರಲ್ಲಿ ವಿರೂಪಾಕ್ಷಪಂಡಿತ ಬರೆದ ಚೆನ್ನಬಸವಪುರಾಣದಲ್ಲಿ ಅವನು ಸಿದ್ಧರಾಮನಿಗೆ ಹಿಂದಿನದನ್ನೂ ಮುಂದಿನದನ್ನೂ ಹೇಳ್ತಾ ಹೋಗ್ತಾನೆ. ಇವುಗಳಲ್ಲಿ ಬಹುಪಾಲು ಆಮೇಲಿನ ಜನ ಅವನ ಬಾಯಲ್ಲಿ ಹೇಳಿಸಿದ್ದು ಅಂತ ನನ್ನ ಅಂದಾಜು. ಊರು ಬಿಟ್ಟು ಬಂದವರ ಮೊಮ್ಮಕ್ಕಳಿಗೆ ಒಂದಲ್ಲ ಒಂದು ದಿನ ವಾಪಸ್ ಹೋಗ್ತೀವಿ ಅಂತ ಯಾರಾದರೂ ಹೇಳಬೇಕಿತ್ತು. ಅದನ್ನು ಹೇಳೋದಕ್ಕೆ ಅವರು ಆರಿಸಿಕೊಂಡದ್ದು ದಾರಿ ತೋರಿಸಿ ಕರೆತಂದವನನ್ನು.

ಇನ್ನು ಆ ತಾಡೋಲೆಗಳು. ಮಲೆನಾಡಿನ ಮಳೆ, ಗೆದ್ದಲು, ಶೀತ, ಓಲೆಗರಿಗೆ ಇವೆಲ್ಲ ಸೋವಿದೇವನಷ್ಟೇ ದೊಡ್ಡ ವೈರಿಗಳು. ಆದರೆ ಶರಣರು ಚದುರಿದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಒಂದೇ ಸರ್ವರ್‌ನಲ್ಲಿ ಇದ್ದದ್ದು ಹತ್ತು ಕಡೆ ಕಾಪಿ ಆದ ಹಾಗೆ. ಕಟ್ಟುಗಳು ಮಠದಿಂದ ಮಠಕ್ಕೆ, ಮನೆಯಿಂದ ಮನೆಗೆ ಹೋದವು, ಹಳೆಯದು ಮುರಿಯುವ ಮೊದಲು ಹೊಸ ಗರಿಗೆ ಇಳಿದವು. ಹದಿನೈದನೇ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ಹುಡುಕಿ ಸೇರಿಸುವ ಕೆಲಸ ಶುರುವಾಯಿತು, ಶೂನ್ಯಸಂಪಾದನೆ ಹುಟ್ಟಿತು. ಆಮೇಲೆ ಮತ್ತೆ ಜಂತಿ ಸೇರಿದವು. ವಿಜಯಪುರದ ವಕೀಲ ಫ.ಗು. ಹಳಕಟ್ಟಿ ಊರೂರು ಅಲೆದು ಕಟ್ಟುಗಳನ್ನು ಇಳಿಸಿ, 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸಿದರು. ಅಚ್ಚಿನ ಖರ್ಚಿಗೆ ಮನೆಯನ್ನೇ ಮಾರಿಕೊಂಡರು.

ಉಳವಿಯಲ್ಲಿ ಈಗ ಚೆನ್ನಬಸವೇಶ್ವರನ ಗುಡಿ ಇದೆ. ಸುತ್ತಲಿನ ಕಾಡಿನಲ್ಲಿ ಅಕ್ಕನಾಗಮ್ಮನ ಗವಿ, ಮಹಾಮನೆ ಗವಿ, ವಿಭೂತಿ ಕಣಜ, ಹರಳಯ್ಯನ ಚಿಲುಮೆ. ಭಾರತ ಹುಣ್ಣಿಮೆಯ ಜಾತ್ರೆಗೆ ಬೆಳಗಾವಿ, ಧಾರವಾಡದ ಕಡೆಯ ರೈತರು ಈಗಲೂ ಚಕ್ಕಡಿ ಕಟ್ಟಿಕೊಂಡು ಬರ್ತಾರೆ, ಎತ್ತಿನ ಕೊರಳಿಗೆ ಗೆಜ್ಜೆ, ಗಾಡಿಯಲ್ಲಿ ರೊಟ್ಟಿಯ ಬುತ್ತಿ, ದಾರಿಯಲ್ಲಿ ರಾತ್ರಿ ಬಿಡಾರ. ಬಸ್ಸಿದೆ, ಕಾರಿದೆ, ಆದರೂ ಚಕ್ಕಡಿ. ನಮ್ಮ ಹಾಸ್ಟೆಲಿನಲ್ಲಿ ಆ ಸೀಮೆಯ ಹುಡುಗರು ಯಾರಾದರೂ ಇದ್ದರೆ ಕೇಳಿ ನೋಡಿ, ಅವರ ಅಜ್ಜನ ಗಾಡಿ ಯಾವ ದಾರಿ ಹಿಡಿದು ಹೋಗ್ತಿತ್ತು ಅಂತ. ಕಿತ್ತೂರು, ಕಕ್ಕೇರಿ ಅಂತ ಶುರು ಮಾಡಿದರೆ, ಅದು ಇದೇ ದಾರಿ.