ಮೇಜರ್ ರಾಮ ರಾಘೋಬ ರಾಣೆ

ವೀರನೆಂದೊಡನೆ ಆಯುಧ ಹಿಡಿದ ಕೈಯೇ ಕಣ್ಣಿಗೆ ಕಟ್ಟುವುದು ಲೋಕರೂಢಿ. ರಾಣೆಯವರಿಗೆ ಪರಮವೀರ ಚಕ್ರವು ದೊರೆತುದಾದರೋ, ಸೈನ್ಯಕ್ಕೆ ಹಾದಿ ಬಿಡಿಸಿಕೊಟ್ಟುದಕ್ಕಾಗಿ. ಕಾರವಾರದ ಬಳಿಯ ಚೆಂಡಿಯಾ ಗ್ರಾಮದ ಮನೆತನದಲ್ಲಿ, ಪೋಲೀಸ್ ಪೇದೆಯೊಬ್ಬರ ಮಗನಾಗಿ 1918ರಲ್ಲಿ ಜನಿಸಿದ ಇವರು, 1940ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಬಾಂಬೆ ಇಂಜಿನಿಯರ್ ದಳವನ್ನು ಸೇರಿ, ಬರ್ಮಾದ ಯುದ್ಧವನ್ನು ಕಂಡು, 1947ರ ಡಿಸೆಂಬರಿನಲ್ಲಿ ಅಧಿಕಾರಿಯಾದರು.

ನಾಲ್ಕು ತಿಂಗಳೊಳಗೆ ಪರೀಕ್ಷೆಯ ಕಾಲ ಬಂದಿತು. ಕಾಶ್ಮೀರ ಸಂಸ್ಥಾನದ ರಾಜೌರಿಯಲ್ಲಿ ನಿರಪರಾಧಿ ಪ್ರಜೆಗಳ ಕೊಲೆ ನಡೆಯುತ್ತಿದ್ದಿತು. ನೌಶೇರಾದಿಂದ ಅಲ್ಲಿಗೆ ಹೊರಟ ನಮ್ಮ ದಂಡಿಗೆ ಹೆಜ್ಜೆಹೆಜ್ಜೆಗೂ ಹೂತಿಟ್ಟ ಸಿಡಿಮದ್ದು, ಅಡ್ಡ ಕೆಡಹಿದ ಮರಗಳು. 1948ರ ಏಪ್ರಿಲ್ 8ರಂದು ಕೆಲಸಕ್ಕೆ ಅಣಿಯಾಗುತ್ತಿದ್ದಾಗಲೇ ಶತ್ರುವಿನ ಗುಂಡು ಬಿದ್ದು ಇಬ್ಬರು ಸಂಗಡಿಗರು ಮಡಿದರು, ರಾಣೆಯವರೂ ಗಾಯಗೊಂಡರು. ಆದರೂ ಹಿಂದಿರುಗಲಿಲ್ಲ. ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗದ ಸನ್ನೆಯಿಂದ ಅದರ ಚಾಲಕನಿಗೆ ದಾರಿ ತೋರಿದರು. 11ರಂದು ಬೆಳಗಿನ 6 ಗಂಟೆಗೆ ಕೆಲಸಕ್ಕೆ ತೊಡಗಿ, 11ಕ್ಕೆ ಚಿಂಗಸ್‌ವರೆಗಿನ ಹಾದಿಯನ್ನು ತೆರವುಮಾಡಿ, ಮುಂದಿನ ದಾರಿಗಾಗಿ ರಾತ್ರಿ 10ರವರೆಗೂ ದುಡಿದರು. ಮರುದಿನ ರಾಜೌರಿ ಬಿಡುಗಡೆಯಾಯಿತು.

ಆ ಯುದ್ಧದಲ್ಲಿ ಪರಮವೀರ ಚಕ್ರ ಪಡೆದ ಐವರಲ್ಲಿ ಬದುಕುಳಿದವರು ಇಬ್ಬರೇ, ಅವರಲ್ಲಿ ರಾಣೆಯವರೊಬ್ಬರು. 1968ರಲ್ಲಿ ಮೇಜರ್ ಪದವಿಯಿಂದ ನಿವೃತ್ತರಾಗಿ 1994ರಲ್ಲಿ ದಿವಂಗತರಾದರು. ಕಾರವಾರದ ಕಡಲತಡಿಯಲ್ಲಿ ಅವರ ಪ್ರತಿಮೆಯಿದೆ.