ಲೆಕ್ಕ ಓದಿದ ಹುಡುಗಿ, ಮೈಕ್ರೋವೇವ್ ಮೇಡಂ

ಮಧ್ಯಾಹ್ನ ಮೈಕ್ರೋವೇವ್‌ನಲ್ಲಿ ಅನ್ನ ಬಿಸಿ ಮಾಡ್ತೀರಲ್ಲ, ದೇವನಹಳ್ಳಿಯಲ್ಲಿ ಇಳಿಯುವ ವಿಮಾನವನ್ನು ರೇಡಾರ್ ಗುರುತಿಸುವುದೂ ಅದೇ ಬಗೆಯ ಅಲೆಗಳಿಂದ. ಈ ಅಲೆಗಳ ಸಂಶೋಧನೆಯನ್ನು ನಮ್ಮ ಬೆಂಗಳೂರಲ್ಲಿ ಶುರು ಮಾಡಿದವರಲ್ಲಿ ಒಬ್ಬರು ರಾಜೇಶ್ವರಿ ಚಟರ್ಜಿ. ಹೆಸರು ನೋಡಿ ಬಂಗಾಳಿ ಅಂದ್ಕೋಬೇಡಿ. 1922ರಲ್ಲಿ ಹುಟ್ಟಿದ ಕನ್ನಡತಿ, ತಂದೆ ನಂಜನಗೂಡಿನಲ್ಲಿ ವಕೀಲರು.

ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ವಿಧವೆಯರ, ಗಂಡ ಬಿಟ್ಟವರ ಓದಿಗಾಗಿ ದುಡಿದಾಕೆ. ಅಂಥ ಮನೆಯ ಹುಡುಗಿ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಬಿ.ಎಸ್‌ಸಿ., ಎಂ.ಎಸ್‌ಸಿ. ಎರಡರಲ್ಲೂ ಮೊದಲ ರ‍್ಯಾಂಕ್ ತಂದಳು.

ಮುಂದೆ ಸಂಶೋಧನೆ ಮಾಡಬೇಕು ಅಂತ ಟಾಟಾ ಇನ್‌ಸ್ಟಿಟ್ಯೂಟಿಗೆ ಹೋಗಿ ಸರ್ ಸಿ.ವಿ. ರಾಮನ್ ಅವರನ್ನು ಕೇಳಿದರು. ಭೌತಶಾಸ್ತ್ರದ ಪದವಿ ಇಲ್ಲ ಅನ್ನೋ ಕಾರಣ ಹೇಳಿ ಅವರು ಸೇರಿಸಿಕೊಳ್ಳಲಿಲ್ಲ. ಕಾರಣ ಅಷ್ಟೇನಾ? ಹತ್ತು ವರ್ಷ ಹಿಂದೆ, 1933ರಲ್ಲಿ, ಮುಂಬೈಯಿಂದ ಬಂದ ಕಮಲಾ ಭಾಗವತ್ ಅವರಿಗೆ ಹೆಣ್ಣು ಅಂತಲೇ ಇದೇ ರಾಮನ್ ಮೊದಲು ಇಲ್ಲ ಅಂದಿದ್ದರು. ದೊಡ್ಡ ವಿಜ್ಞಾನಿ ನಿಜ, ಆದರೆ ಈ ವಿಷಯದಲ್ಲಿ ಅವರನ್ನು ಮೆಚ್ಚೋಕಾಗಲ್ಲ ಬಿಡಿ.

ರಾಜೇಶ್ವರಿ ಮನೆಗೆ ವಾಪಸ್ ಬಂದು ಕೂರಲಿಲ್ಲ. 1943ರಲ್ಲಿ ಅದೇ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗಕ್ಕೆ ಸೇರಿದರು. ನೋಡಿ, ಎಂಜಿನಿಯರಿಂಗ್ ಪದವಿಯೂ ಇಲ್ಲದ ಲೆಕ್ಕದ ಹುಡುಗಿ! ಆದರೆ ರೇಡಿಯೋ ಅಲೆಗಳ ವಿದ್ಯೆಯಲ್ಲಿ ಗಣಿತ ಬಲ್ಲವರದೇ ಮೇಲುಗೈ. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ 1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೊರಟರು. ಮದುವೆಯಾಗದ ಇಪ್ಪತ್ತೈದರ ಮಗಳನ್ನು ಒಬ್ಬಳನ್ನೇ ಅಷ್ಟು ದೂರ ಕಳಿಸೋಕೆ ಆಗ ಎಷ್ಟು ಮನೆಯವರು ಒಪ್ತಿದ್ದರು ಹೇಳಿ? ಇವತ್ತು ಹೈದರಾಬಾದಿಗೆ ಕಳಿಸೋಕೂ ನಾವು ಹಿಂದೆಮುಂದೆ ನೋಡ್ತೀವಿ.

1953ರಲ್ಲಿ ಪಿಎಚ್‌.ಡಿ. ಮುಗಿಸಿ ಬಂದು ಅದೇ ಇನ್‌ಸ್ಟಿಟ್ಯೂಟಿನಲ್ಲಿ ಅಧ್ಯಾಪಕಿಯಾದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾದರು. ಗಂಡ ಹೆಂಡತಿ ಸೇರಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. ಇಪ್ಪತ್ತು ಮಂದಿ ರಾಜೇಶ್ವರಿಯವರ ಕೈಕೆಳಗೆ ಪಿಎಚ್‌.ಡಿ. ಪಡೆದರು. ಮುಂದೆ ವಿಭಾಗದ ಮುಖ್ಯಸ್ಥರೂ ಆದರು. 1982ರಲ್ಲಿ ನಿವೃತ್ತಿಯಾದ ಮೇಲೆ ಮಹಿಳಾ ಅಧ್ಯಯನದ ಕೆಲಸಕ್ಕೆ ಇಳಿದರು. 2010ರಲ್ಲಿ ತೀರಿಕೊಂಡರು.

ಇನ್‌ಸ್ಟಿಟ್ಯೂಟಿನಲ್ಲಿ ಓಪನ್ ಡೇ ಇದ್ದಾಗ ಮಗಳನ್ನು ಕರ್ಕೊಂಡು ಹೋಗಿ. ದೊಡ್ಡಬಳ್ಳಾಪುರ, ಹೊಸಕೋಟೆಯವರಿಗೂ ಬೆಳಿಗ್ಗೆ ಹೊರಟು ಸಂಜೆ ಮನೆ ಸೇರಬಹುದು. ಎಲೆಕ್ಟ್ರಿಕಲ್ ಕಮ್ಯುನಿಕೇಶನ್ ವಿಭಾಗ ಎಲ್ಲಿ ಅಂತ ಕೇಳಿದರೆ ತೋರಿಸ್ತಾರೆ.